ಪಥ್ಯದ ಹೊಣೆ ಯಾರದು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇದರ ಉತ್ತರಾರ್ಧದ ಸತ್ಯಾಸತ್ಯವನ್ನು ವಕೀಲರು ನಿರ್ಣಯಿಸಲಿ. ಪೂರ್ವಾರ್ಧವಾದರೋ ಈಗ ಮನೆಮನೆಯಲ್ಲಿಯೂ ಪರೀಕ್ಷೆಗೆ ಒಳಗಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ದೇಶದ ನಾನಾ ರಾಜ್ಯಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಗಣನೆಯಂತೆ ಈ ದೇಶದ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ಇಷ್ಟು ಮಂದಿಯೂ ಊಟವನ್ನರಿಯದವರೆಂದು ಹೇಳಬಹುದೇ? ಹೇಳುವವರು ಬೇಕಾದಷ್ಟಿದ್ದಾರೆ. ಐವತ್ತು ವರ್ಷದ ಗೃಹಸ್ಥನೊಬ್ಬನಿಗೆ ಈ ವ್ಯಾಧಿಯುಂಟೆಂದು ತಿಳಿದ ದಿನ, ಯೋಗಕ್ಷೇಮ ವಿಚಾರಿಸಲು ಬಂದವರಲ್ಲಿ ಒಬ್ಬರಾದರೂ "ಸಿಹಿಯೆಂದರೆ ಪ್ರಾಣ ಬಿಡುತ್ತಿದ್ದರು, ಅದಕ್ಕೇ ಬಂತು" ಎನ್ನದೆ ಇರುವುದಿಲ್ಲ. ಇನ್ನೊಬ್ಬರು ನಿಟ್ಟುಸಿರುಬಿಟ್ಟು, "ಅವರ ತಂದೆಗೂ ಇತ್ತಲ್ಲ, ಹಣೆಯಲ್ಲಿ ಬರೆದುದನ್ನು ತಪ್ಪಿಸುವವರಾರು" ಎಂದು ಕಾಫಿಯ ಲೋಟವನ್ನು ಕೆಳಗಿಡುತ್ತಾರೆ.

ಈ ಎರಡು ತೀರ್ಪುಗಳೂ ಪರಸ್ಪರ ವಿರುದ್ಧವಾದುವುಗಳಾದರೂ ಅವುಗಳ ಫಲ ಮಾತ್ರ ಒಂದೇ. ಮೊದಲನೆಯದನ್ನು ನುಡಿದವರು ಭಾರವನ್ನೆಲ್ಲ ರೋಗಿಯ ನಾಲಗೆಯ ಮೇಲೆ ಹೊರಿಸಿ ಎದ್ದು ಹೋಗುತ್ತಾರೆ. ಎರಡನೆಯವರು ವಿಧಿಯ ಮೇಲೆ ಹೊರಿಸಿ ಎದ್ದು ಹೋಗುತ್ತಾರೆ. ಎದ್ದು ಹೋಗುವುದು ಇಬ್ಬರಿಗೂ ಸಮಾನ. ರೋಗ ಬಂದುದಕ್ಕೆ ದೋಷ ಯಾರದು ಎಂಬುದು ಒಂದು ಪ್ರಶ್ನೆ. ಬಂದ ರೋಗವನ್ನು ಮೂವತ್ತು ನಲವತ್ತು ವರ್ಷಗಳ ಕಾಲ ಅಂಕೆಯಲ್ಲಿಟ್ಟುಕೊಂಡು ಬಾಳುವ ಹೊಣೆ ಯಾರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದಕ್ಕೂ ದೊರೆತಂತಾಯಿತೆಂದು ಲೋಕವು ಭಾವಿಸಿರುವುದೇ ಇಲ್ಲಿನ ತೊಡಕು.

ದೋಷದ ವಿಚಾರದಲ್ಲಿ ನಮ್ಮ ಪ್ರಾಚೀನರು ಗಾದೆಯಷ್ಟು ಆತುರಪಟ್ಟವರಲ್ಲ. ಸುಶ್ರುತನು ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತಜವೆಂದೂ ಎರಡಾಗಿ ವಿಂಗಡಿಸಿದ್ದಾನೆ. ಮೊದಲನೆಯದು ತಾಯಿತಂದೆಗಳ ಬೀಜದೋಷದಿಂದ ಬರುವಂಥಾದ್ದು. ಅಂಥ ರೋಗಿಯು ಕೃಶನಾಗಿರುತ್ತಾನೆ. ಎರಡನೆಯದು ಅಹಿತವಾದ ಆಹಾರದಿಂದ ಬರುವಂಥಾದ್ದು. ಈ ರೋಗಿ ಸ್ಥೂಲನು. ಚರಕನು ಕಾರಣಗಳನ್ನು ಎಣಿಸುವಾಗ ಕುಳಿತಲ್ಲಿಯೇ ಕುಳಿತಿರುವ ಸುಖವನ್ನೂ ನಿದ್ರೆಯ ಸುಖವನ್ನೂ ಮೊದಲಿಗೆ ಹೇಳಿ, ಬೆಲ್ಲದ ಪದಾರ್ಥಗಳನ್ನು ಅನಂತರ ಹೇಳುತ್ತಾನೆಂಬುದನ್ನು ವಾಚಕರು ಗಮನಿಸಬೇಕು. ಶಾಸ್ತ್ರಗಳ ಪ್ರಮೇಹವೂ ಇಂದಿನ ಮಧುಮೇಹವೂ ಎಲ್ಲ ಅಂಶಗಳಲ್ಲಿಯೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವಾದೀತು. ಆದರೂ ಎಲ್ಲವೂ ರೋಗಿಯ ಕೃತಾಪರಾಧವಲ್ಲವೆಂಬ ತಿಳಿವು ಆ ಕಾಲಕ್ಕೇ ಇದ್ದುದು ಸ್ಪಷ್ಟ.

ಇಂದಿನ ವೈದ್ಯವು ಇದನ್ನು ಇನ್ನೂ ನಿಖರವಾಗಿ ತಿಳಿಸುತ್ತದೆ. ಬಾಲ್ಯದಲ್ಲಿ ಬರುವ ಮೊದಲನೆಯ ವರ್ಗದ ಮಧುಮೇಹದಲ್ಲಿ ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನನ್ನು ಒಸರುವ ಕಣಗಳನ್ನು ನಾಶಮಾಡಿಬಿಡುತ್ತದೆ. ಎಂಟು ವರ್ಷದ ಹೆಣ್ಣುಮಗುವಿಗೆ ಇದು ಬಂದರೆ, ಆ ಮಗುವು ತಿಂದ ಯಾವ ಮಿಠಾಯಿಯನ್ನು ದೂಷಿಸಬೇಕು? ೧೯೨೧ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿ, ಮರುವರ್ಷದ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚುವವರೆಗೆ, ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಉಪವಾಸವೇ; ಅದೂ ಮರಣವನ್ನು ಕೆಲವು ತಿಂಗಳು ಮುಂದೂಡುವ ಉಪಾಯ ಮಾತ್ರ. ನಡುವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ವರ್ಗದಲ್ಲಿ ಆಹಾರವಿಹಾರಗಳ ಪಾತ್ರವಿರುವುದು ನಿಜ. ಆದರೆ ವಂಶದ ಪಾತ್ರವೂ ಬಲವಾದುದು. ಅದಕ್ಕೂ ಹಿಂದೆ ಗರ್ಭದ ಪಾತ್ರವೂ ಉಂಟು. ಮೈಸೂರಿನ ಜನ ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಮುಂದಕ್ಕೆ ಜನಿಸಿದ ಶಿಶುಗಳ ತೂಕ ಮೊದಲಾದುವುಗಳನ್ನು ಬರೆದಿಟ್ಟಿದ್ದರು. ಆ ಶಿಶುಗಳಲ್ಲಿ ಕೆಲವರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟಿದಾಗಿನ ದೇಹದ ಆಕಾರಕ್ಕೂ ಗರ್ಭಿಣಿಯಾಗಿದ್ದಾಗಿನ ತಾಯಿಯ ತೂಕಕ್ಕೂ ಮುಂದೆ ಬಂದ ಮಧುಮೇಹಕ್ಕೂ ಸಂಬಂಧವಿರುವುದು ಕಂಡುಬಂತು. ಆ ವರದಿ ೧೯೯೮ರಲ್ಲಿ ಪ್ರಕಟವಾಯಿತು. ಕಣ್ಣು ಬಿಡುವ ಮೊದಲೇ ಆರಂಭವಾದ ಕಥೆಗೆ ಐವತ್ತನೆಯ ವರ್ಷದ ಹೋಳಿಗೆಯೊಂದನ್ನೇ ಕಾರಣವಾಗಿಸುವುದು ನ್ಯಾಯವಲ್ಲ.

ಹಾಗಾದರೆ ರೋಗಿಗೆ ಹೊಣೆಯೇ ಇಲ್ಲವೇ ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವನ್ನು ಚರಕನ ಇನ್ನೊಂದು ಮಾತಿನಲ್ಲಿಯೇ ಹುಡುಕಬಹುದು. ರೋಗಗಳ ಮೂಲಗಳಲ್ಲಿ ಒಂದನ್ನು ಅವನು ಪ್ರಜ್ಞಾಪರಾಧವೆಂದು ಕರೆದಿದ್ದಾನೆ. ಧೀ, ಧೃತಿ, ಸ್ಮೃತಿ ಎಂಬ ಮೂರರಿಂದ ಜಾರಿದವನು ಮಾಡುವ ಕರ್ಮವೇ ಅದು. ತಿಳಿವು, ಹಿಡಿತ, ನೆನಪು. ಈ ಮಾತನ್ನು ಆದುದಕ್ಕೆ ಅಪವಾದ ಹೊರಿಸುವುದಕ್ಕಾಗಿ ಬಳಸುವವರೇ ಹೆಚ್ಚು. ಆದರೆ ಅದರ ಉಪಯೋಗವಿರುವುದು ಮುಂದೆ ಆಗಬೇಕಾದುದರಲ್ಲಿ. ದೋಷವು ಹಿಂದಕ್ಕೆ ನೋಡುತ್ತದೆ, ಹೊಣೆಯು ಮುಂದಕ್ಕೆ ನೋಡುತ್ತದೆ. ಮಳೆಗಾಲದಲ್ಲಿ ಮನೆಯ ಗೋಡೆ ಬಿರುಕುಬಿಟ್ಟಾಗ, ತಳಹದಿಯನ್ನು ಕೆಡಿಸಿದವನು ಅಜ್ಜನೋ ಗಾರೆಯವನೋ ಎಂಬ ವಿಚಾರಣೆ ಮುಗಿಯುವವರೆಗೆ ಒಳಗಿರುವವರು ಕೈಕಟ್ಟಿ ಕುಳಿತಿರುವುದಿಲ್ಲವಷ್ಟೆ.

ಈ ವ್ಯಾಧಿಯಲ್ಲಿ ಹೊಣೆಯು ಕಠಿನವಾಗಿರುವುದಕ್ಕೆ ವಿಶೇಷವಾದ ಕಾರಣವೊಂದುಂಟು: ಇದು ನೋಯುವುದಿಲ್ಲ. ಹಲ್ಲುನೋವು ತನ್ನ ಪಥ್ಯವನ್ನು ತಾನೇ ಮಾಡಿಸುತ್ತದೆ. ಮಧುಮೇಹವಾದರೋ ವರ್ಷಗಟ್ಟಲೆ ಮೌನವಾಗಿದ್ದು, ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಕಾಲಿನ ನರ, ಹೃದಯದ ನಾಳ ಇವುಗಳ ಸೂಕ್ಷ್ಮಭಾಗಗಳನ್ನು ಸವೆಸುತ್ತಿರುತ್ತದೆ. ಇಂದಿನ ಅಪಥ್ಯದ ಫಲವನ್ನು ಇಪ್ಪತ್ತು ವರ್ಷದ ಮುಂದಿನ ಮನುಷ್ಯನು ಅನುಭವಿಸಬೇಕು; ಆ ಮನುಷ್ಯನೂ ತಾನೇ ಎಂದು ನಂಬುವುದು ಸುಲಭವಲ್ಲ. ೧೯೯೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಹಾಪ್ರಯೋಗವೊಂದರಲ್ಲಿ, ಮೊದಲನೆಯ ವರ್ಗದ ೧೪೪೧ ಮಂದಿ ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಸಕ್ಕರೆಯ ಅಂಶವನ್ನು ಬಿಗಿಯಾದ ಅಂಕೆಯಲ್ಲಿಯೂ ಇನ್ನೊಂದು ಗುಂಪಿನವರದನ್ನು ಆಗಿನ ವಾಡಿಕೆಯಂತೆಯೂ ನಡೆಸಿದರು. ಬಿಗಿಯಾಗಿ ನಡೆದವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ಕೇಡು ಬಹುಮಟ್ಟಿಗೆ ಕಡಿಮೆಯಾಯಿತು. ಇದಕ್ಕಿಂತ ವಿಚಾರಾರ್ಹವಾದುದು ಅನಂತರ ಕಂಡುದು. ಪ್ರಯೋಗ ಮುಗಿದ ಕೆಲವು ವರ್ಷಗಳಲ್ಲಿ ಎರಡು ಗುಂಪಿನವರ ಸಕ್ಕರೆಯ ಮಟ್ಟವೂ ಹೆಚ್ಚುಕಡಮೆ ಒಂದೇ ಆಯಿತು. ಆದರೂ ಮೊದಲು ಬಿಗಿಯಾಗಿ ನಡೆದವರಿಗೆ ಅದರ ರಕ್ಷೆ ಅನೇಕ ವರ್ಷಗಳವರೆಗೆ ಉಳಿದುಬಂತು. ಎರಡನೆಯ ವರ್ಗದವರಲ್ಲಿಯೂ ಇಂಥದೇ ಸಂಗತಿಯನ್ನು ಬ್ರಿಟನ್ನಿನ ವೈದ್ಯರು ೨೦೦೮ರಲ್ಲಿ ವರದಿಮಾಡಿದರು. ಮನಸ್ಸು ಮರೆತರೂ ಶರೀರವು ಮರೆಯುವುದಿಲ್ಲ. ವೇದಾಂತಿಗಳು ಸಂಸ್ಕಾರವೆಂದು ಯಾವುದನ್ನು ಕರೆಯುವರೋ ಅದರ ಛಾಯೆ ರಕ್ತನಾಳಗಳಲ್ಲಿಯೂ ಇದ್ದಂತಾಯಿತು. ಮೊದಲ ವರ್ಷಗಳನ್ನು ಕಳೆದುಕೊಂಡವರು ಇದನ್ನೋದಿ ಎದೆಗುಂದಬೇಕಾಗಿಲ್ಲ. ತಡವಾಗಿ ಹಿಡಿದ ಅಂಕೆಯೂ ಫಲಕೊಡುತ್ತದೆ, ರಕ್ತದ ಒತ್ತಡವನ್ನು ತಗ್ಗಿಸುವುದೂ ಹೊಗೆಸೊಪ್ಪನ್ನು ಬಿಡುವುದೂ ಯಾವ ವಯಸ್ಸಿನಲ್ಲಿಯೂ ವ್ಯರ್ಥವಾಗವು.

ಇಲ್ಲಿಗೆ ಬಂದಾಗ ಉಪದೇಶಕರು ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳ ವಿವೇಕವನ್ನು ತೆಗೆಯುವುದು ವಾಡಿಕೆ. ತೆಗೆಯಲಿ, ಆದರೆ ಒಂದು ಭೇದವನ್ನು ಮರೆಯಬಾರದು. ನಚಿಕೇತನ ಮುಂದೆ ಯಮನು ಇಟ್ಟ ಪ್ರಲೋಭನೆಗಳು ದೊಡ್ಡವು, ತಿರಸ್ಕಾರವಾದರೋ ಒಂದೇ ಸಲದ್ದು. ಮಧುಮೇಹಿಯ ಮುಂದೆ ಬರುವುದು ರಥವಲ್ಲ, ರಾಜ್ಯವಲ್ಲ; ಇನ್ನೊಂದು ಸೌಟು ಅನ್ನ. ಅದನ್ನು ಅವನು ದಿನಕ್ಕೆರಡು ಮೂರು ಬಾರಿ, ಮೂವತ್ತು ವರ್ಷ, ಹಸಿವಿರುವಾಗಲೇ ಬೇಡವೆನ್ನಬೇಕು. ಇದನ್ನೆಲ್ಲ ಒಬ್ಬನ ಧೃತಿಯಿಂದಲೇ ಸಾಧಿಸಬೇಕೆನ್ನುವವರು ಧೃತಿಯ ಸ್ವಭಾವವನ್ನರಿಯರು. ಅದು ಪ್ರತಿದಿನವೂ ಸವೆಯುವ ವಸ್ತು. ಆದುದರಿಂದ ಜಾಣತನವೆಂದರೆ ಧೃತಿಯನ್ನು ಬೇಡುವ ಸಂದರ್ಭಗಳನ್ನೇ ಕಡಿಮೆಮಾಡುವುದು; ಅದು ಅಡಿಗೆಯ ಮನೆಯಲ್ಲಿ ಆಗಬೇಕಾದ ಕೆಲಸ, ರೋಗಿಯ ಎದೆಯೊಳಗೆ ಮಾತ್ರ ಆಗತಕ್ಕುದಲ್ಲ.

ಅನೇಕ ಮನೆಗಳಲ್ಲಿ ಇದಕ್ಕೆ ವಿಪರೀತವಾದುದು ನಡೆಯುತ್ತದೆ. ರೋಗಿಗೆಂದು ಬೇರೆ ಪಾತ್ರೆ, ಬೇರೆ ಪಲ್ಯ, ಬೇರೆ ಮೂಲೆ. ಉಳಿದವರಿಗೆಲ್ಲ ಎಂದಿನ ಅಡಿಗೆ. ಎದುರಿಗೆ ಪಾಯಸ ಬಡಿಸುತ್ತ ಅವನ ಎಲೆಯ ಕಡೆ ಎಲ್ಲರೂ ಕಣ್ಣಿಟ್ಟಿರುತ್ತಾರೆ, ಕಳ್ಳನನ್ನು ಕಾಯುವಂತೆ. ಕಾಯಲ್ಪಟ್ಟವನು ಕ್ರಮೇಣ ಕಳ್ಳನೇ ಆಗುತ್ತಾನೆ. ಮಧ್ಯಾಹ್ನ ಮನೆಯವರು ಮಲಗಿರುವಾಗ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆರೆಯುವ ವಿದ್ಯೆ ಅರುವತ್ತನೆಯ ವಯಸ್ಸಿನಲ್ಲಿಯೂ ಅಭ್ಯಾಸವಾಗುತ್ತದೆ. ಇನ್ನು ಪರೀಕ್ಷೆಯ ದಿನ ಸಮೀಪಿಸಿತೆಂದರೆ ಎರಡು ದಿನ ಮೊದಲಿಂದ ಗಂಜಿ, ಮಜ್ಜಿಗೆ, ಎರಡೂ ಹೊತ್ತು ನಡಿಗೆ. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಶಾಲೆಯ ಗೋಡೆಗೆ ಸುಣ್ಣ ಬಳಿಸುವುದಕ್ಕೂ ಇದಕ್ಕೂ ಭೇದವೇನೂ ಇಲ್ಲ. ಬೆಳಗಿನ ಬರಿಹೊಟ್ಟೆಯ ಪರೀಕ್ಷೆಯು ಈ ಸುಣ್ಣಕ್ಕೆ ಮೋಸಹೋಗುವುದುಂಟು. ಎಚ್‌ಬಿಎ೧ಸಿ ಎಂಬ ಪರೀಕ್ಷೆ ಹೋಗುವುದಿಲ್ಲ; ಏಕೆಂದರೆ ರಕ್ತದ ಕೆಂಪು ಕಣವು ಸುಮಾರು ನೂರಿಪ್ಪತ್ತು ದಿನ ಬದುಕಿರುವಾಗ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿತೆಂಬುದನ್ನು ಅದು ಎಣಿಸಿ, ಎರಡು ಮೂರು ತಿಂಗಳ ಸರಾಸರಿಯನ್ನು ಚಿತ್ರಗುಪ್ತನಂತೆ ಹೇಳಿಬಿಡುತ್ತದೆ. ರಕ್ತಹೀನತೆ ಇರುವಲ್ಲಿ ಮಾತ್ರ ಈ ಚಿತ್ರಗುಪ್ತನ ಲೆಕ್ಕವೂ ತಪ್ಪುವುದುಂಟು. ಅದನ್ನು ವೈದ್ಯರು ಬಲ್ಲರು. ವಿಚಾರಮಾಡತಕ್ಕ ಅಂಶವೇನೆಂದರೆ, ತನ್ನ ಹಿತಕ್ಕಾಗಿಯೇ ಇರುವ ವೈದ್ಯನ ಮುಂದೆ ಮನುಷ್ಯನು ಸುಳ್ಳಾಡುವುದೇಕೆ? ನಾಚಿಕೆಯಿಂದ. ಆ ನಾಚಿಕೆಯನ್ನು ಅವನಲ್ಲಿ ಬಿತ್ತಿದವರು, "ತಿಂದದ್ದಕ್ಕೇ ಬಂತು" ಎಂದು ಮೊದಲ ದಿನ ನುಡಿದ ಬಂಧುಗಳು. ದೋಷಾರೋಪಣೆಯು ಕೇವಲ ಕ್ರೌರ್ಯವಲ್ಲ, ಅಪಥ್ಯವೂ ಹೌದು.

ಒಂದೇ ಅಡಿಗೆಯನ್ನು ಎಲ್ಲರೂ ಉಣ್ಣುವ ಮನೆಯಲ್ಲಿ ಈ ಸಂಕಟವಿಲ್ಲ. ಎಲೆಯಲ್ಲಿ ಅನ್ನದ ರಾಶಿ ಕಿರಿದಾಗಿ, ಪಲ್ಯ, ಕೋಸಂಬರಿ, ಸೊಪ್ಪಿನ ಹುಳಿ, ಕಾಳುಗಳು ಹಿರಿದಾದರೆ, ಅದು ರೋಗಿಯ ಪಥ್ಯವಾಗಿರುವಂತೆಯೇ ಅವನ ಮಕ್ಕಳ ರಕ್ಷೆಯೂ ಆಗುತ್ತದೆ. ಮಕ್ಕಳಿಗೂ ಆ ವಂಶವೇ ಅಲ್ಲವೇ? ರೋಗದ ಹೊಸ್ತಿಲಲ್ಲಿರುವವರಲ್ಲಿ ಆಹಾರ ಮತ್ತು ನಡಿಗೆಗಳ ಮಾರ್ಪಾಡಿನಿಂದಲೇ ರೋಗಸಂಭವವು ನೂರಕ್ಕೆ ಸುಮಾರು ೨೮ರಷ್ಟು ತಗ್ಗಿತೆಂದು ಭಾರತದಲ್ಲಿಯೇ ನಡೆದು ೨೦೦೬ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿದೆ. ಇಲ್ಲಿ ಎರಡು ಭ್ರಾಂತಿಗಳನ್ನು ಹೇಳಿ ಮುಂದೆ ಹೋಗಬಹುದು. ಸಕ್ಕರೆ ಕೆಟ್ಟದ್ದು, ಬೆಲ್ಲವೂ ಜೇನೂ ಒಳ್ಳೆಯವು ಎಂಬುದೊಂದು. ರಕ್ತಕ್ಕೆ ಈ ಪಂಕ್ತಿಭೇದ ಅಷ್ಟಾಗಿ ತಿಳಿಯದು. ಅಕ್ಕಿಯನ್ನು ಬಿಟ್ಟು ರಾಗಿಯನ್ನು ಹಿಡಿದವನು ಎಷ್ಟು ಉಂಡರೂ ಬಾಧೆಯಿಲ್ಲವೆಂಬುದು ಇನ್ನೊಂದು. ರಾಗಿಯಲ್ಲಿ ನಾರೂ ಸತ್ವವೂ ಉಂಟು. ಆದರೂ ಅದು ಪಿಷ್ಟವೇ, ಮೂರನೆಯ ಮುದ್ದೆಯು ಮೂರನೆಯ ಮುದ್ದೆಯೇ.

ಅತಿಥಿಸತ್ಕಾರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಬಲವಂತ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲವೆಂಬುದು ಈ ನಾಡಿನ ನಡವಳಿಕೆ. "ಒಂದು ದಿನಕ್ಕೆ ಏನಾಗುತ್ತದೆ, ನಮ್ಮ ಮನೆಗೆ ಬರುವುದು ವರ್ಷಕ್ಕೊಮ್ಮೆ" ಎಂದು ಬಡಿಸುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಉಪನಯನ, ಮದುವೆ, ಸೀಮಂತ, ಶ್ರಾದ್ಧ, ಹಬ್ಬಗಳನ್ನು ಕೂಡಿಸಿದರೆ ವರ್ಷಕ್ಕೊಮ್ಮೆ ಬರುವ ಮನೆಗಳು ಐವತ್ತಾದರೂ ಆಗುತ್ತವೆ. ಒಬ್ಬೊಬ್ಬರ ಪ್ರೀತಿ ಚಿಕ್ಕದು, ಎಲ್ಲರ ಪ್ರೀತಿ ಕೂಡಿದರೆ ಒಂದು ಮೂತ್ರಪಿಂಡ. ಅತಿಥಿಯು ತೃಪ್ತನಾಗಬೇಕೆಂಬುದು ಧರ್ಮವಾದರೆ, ಯಾವುದು ಅವನ ತೃಪ್ತಿಯೆಂಬುದನ್ನು ಅವನ ಬಾಯಿಂದಲೇ ಕೇಳಿ ನಂಬುವುದೂ ಧರ್ಮದ ಅಂಗವೇ. "ಸಾಕು" ಎಂದವರಿಗೆ ಮರುಮಾತಿಲ್ಲದೆ ಮಜ್ಜಿಗೆ ಬಡಿಸುವ ಗೃಹಿಣಿಯು ಜಿಪುಣಳಲ್ಲವೆಂದು ಲೋಕವು ಒಪ್ಪುವ ಕಾಲ ಬರಬೇಕು.

ಇಷ್ಟು ಹೊತ್ತು ರೋಗಿಯೆಂದರೆ ಗೃಹಸ್ಥನೆಂಬ ಭಾವನೆಯಿಂದಲೇ ವಿಚಾರ ನಡೆಯಿತು. ರೋಗಿಯು ಗೃಹಿಣಿಯಾದರೆ? ಆಗ ಹೊಣೆಯ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಗುಳಿಗೆಯನ್ನು ನುಂಗಿ, ಮಕ್ಕಳನ್ನು ಕಳುಹಿಸಿ, ಯಜಮಾನರಿಗೆ ಬಡಿಸಿ, ಅತ್ತೆಯವರ ಮಡಿಯಡಿಗೆಯನ್ನು ಮುಗಿಸಿ, ಹನ್ನೊಂದಕ್ಕೆ ಆಕೆ ಎಲೆಯ ಮುಂದೆ ಕೂರುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯ ಮುಗಿದು ಅನ್ನ ಮಾತ್ರ ಉಳಿದಿರುತ್ತದೆ. ಇನ್ಸುಲಿನನ್ನೋ, ಇನ್ಸುಲಿನನ್ನು ಒಸರಿಸುವ ಗುಳಿಗೆಗಳನ್ನೋ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಮಿತಿಗಿಂತ ಕೆಳಗಿಳಿದು, ಬೆವರು, ನಡುಕ, ತಲೆಸುತ್ತು, ಕಡೆಗೆ ಎಚ್ಚರ ತಪ್ಪುವುದೂ ಸಂಭವ. ಎಲ್ಲರೂ ಉಂಡ ಮೇಲೆ ಉಣ್ಣುವುದನ್ನು ಸ್ತ್ರೀಧರ್ಮವೆಂದು ಹೊಗಳುವವರು, ಈ ಧರ್ಮಕ್ಕೆ ಬೆಲೆ ಕೊಡುತ್ತಿರುವವರು ಯಾರೆಂಬುದನ್ನು ಒಮ್ಮೆ ಅಡಿಗೆಯ ಮನೆಯೊಳಗೆ ಇಣಿಕಿ ನೋಡಬೇಕು. ಮಧುಮೇಹವುಳ್ಳ ಗೃಹಿಣಿಗೆ ಮೊದಲು ಬಡಿಸುವುದು ಉಪಕಾರವಲ್ಲ, ಚಿಕಿತ್ಸೆ.

ಏಕಾದಶಿ ಮೊದಲಾದ ಉಪವಾಸಗಳ ವಿಚಾರವೂ ಇಂಥದೇ. ವೈದ್ಯನನ್ನು ಕೇಳದೆ, ಔಷಧದ ಪ್ರಮಾಣವನ್ನು ಬದಲಿಸದೆ ನಿರಾಹಾರವಿರುವುದು ಈ ರೋಗಿಗಳಿಗೆ ಅಪಾಯ. ನಿಯಮಭಂಗವಾಯಿತೆಂದು ಪರಿತಪಿಸುವ ಶ್ರದ್ಧಾಳುಗಳು ಛಾಂದೋಗ್ಯದ ಉಷಸ್ತಿ ಚಾಕ್ರಾಯಣನ ಕಥೆಯನ್ನು ಸ್ಮರಿಸಬೇಕು. ಕುರುದೇಶದಲ್ಲಿ ಬೆಳೆ ನಾಶವಾದಾಗ ಹಸಿದ ಆ ಬ್ರಾಹ್ಮಣನು ಇನ್ನೊಬ್ಬನು ತಿಂದು ಉಳಿಸಿದ ಕುಲ್ಮಾಷವನ್ನು ಬೇಡಿ ತಿಂದನು. ಅವನೇ ಕುಡಿದು ಉಳಿಸಿದ ನೀರನ್ನು ಮಾತ್ರ ಒಲ್ಲೆನೆಂದನು. ಕಾಳಿಲ್ಲದಿದ್ದರೆ ಪ್ರಾಣ ನಿಲ್ಲುತ್ತಿರಲಿಲ್ಲ, ನೀರಾದರೋ ಬೇಕೆಂದಲ್ಲಿ ಸಿಕ್ಕುತ್ತದೆ ಎಂಬುದು ಅವನ ಸಮಾಧಾನ. ಆಪದ್ಧರ್ಮದ ಪ್ರಮಾಣವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆ ದುರ್ಲಭ. ರಕ್ತದ ಸಕ್ಕರೆ ಎಪ್ಪತ್ತು ಮಿಲಿಗ್ರಾಮಿಗಿಂತ ಕೆಳಗಿಳಿದು ಮೈ ನಡುಗುತ್ತಿರುವಾಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯುವುದು ಕುಲ್ಮಾಷ. ಹದಿನೈದು ನಿಮಿಷ ಕಾದು, ಮತ್ತೆ ಪರೀಕ್ಷಿಸಿ, ಸರಿಹೋದ ಮೇಲೂ "ಈಗ ಹೇಗೂ ಸಿಹಿ ತಿನ್ನಬಹುದಲ್ಲ" ಎಂದು ಮೈಸೂರುಪಾಕಿನ ಡಬ್ಬಿಗೆ ಕೈಹಾಕುವುದು ಆ ನೀರು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು.

ಅತಿಬಿಗಿಯೂ ಅಪಥ್ಯವೇ ಎಂಬುದಕ್ಕೆ ಪ್ರಮಾಣವುಂಟು. ಎಚ್‌ಬಿಎ೧ಸಿಯ ಗುರಿ ಸಾಮಾನ್ಯವಾಗಿ ನೂರಕ್ಕೆ ೭ರ ಒಳಗು. ಹೃದ್ರೋಗದ ಭಯವಿದ್ದ ರೋಗಿಗಳಲ್ಲಿ ಅದನ್ನು ೬ಕ್ಕಿಂತಲೂ ಕೆಳಕ್ಕೆ ಇಳಿಸಲು ಹೊರಟ ಅಮೆರಿಕದ ಒಂದು ಪ್ರಯೋಗದಲ್ಲಿ ಮರಣಗಳು ಹೆಚ್ಚಾದುದರಿಂದ ೨೦೦೮ರಲ್ಲಿ ಆ ಬಿಗಿಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎಂಬತ್ತರ ವೃದ್ಧರಿಗೂ ನಲವತ್ತರ ತರುಣರಿಗೂ ಒಂದೇ ಗೆರೆಯಲ್ಲ.

ಉಳಿದ ಅಂಗಗಳ ರಕ್ಷಣೆಯಲ್ಲಿ ತತ್ತ್ವವಿಚಾರಕ್ಕೆ ಅವಕಾಶ ಕಡಿಮೆ, ಸ್ಮೃತಿಗೆ ಹೆಚ್ಚು. ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಪಾಪೆಯನ್ನು ಅಗಲಿಸಿ ಅಕ್ಷಿಪಟಲವನ್ನು ನೋಡಿಸಬೇಕು. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂಬುದನ್ನೂ ಹಾಗೆಯೇ. ದೃಷ್ಟಿ ಮಂಜಾದ ಮೇಲೆ, ಕಾಲು ಊದಿದ ಮೇಲೆ ನೋಡಿಸುವುದು ನೆರೆ ಇಳಿದ ಮೇಲೆ ಒಡ್ಡು ಕಟ್ಟಿದಂತೆ.

ಕಾಲಿನ ವಿಷಯ ಮಾತ್ರ ಎರಡು ಮಾತು ಹೆಚ್ಚು ಬೇಡುತ್ತದೆ. ಧನವೂ ಬಂಧುಗಳೂ ಇಲ್ಲದ ಪ್ರಮೇಹಿಯು ಪಾದರಕ್ಷೆ ಕೊಡೆಗಳನ್ನು ಬಿಟ್ಟು, ಭಿಕ್ಷೆಯಿಂದ ಜೀವಿಸುತ್ತ ನೂರು ಯೋಜನ ನಡೆಯಲೆಂದು ಸುಶ್ರುತನು ವಿಧಿಸಿದ್ದಾನೆ. ನಡೆಯಬೇಕೆಂಬ ಭಾಗವು ಇಂದಿಗೂ ಸಿದ್ಧಾಂತ. ವಾರಕ್ಕೆ ನೂರೈವತ್ತು ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಪಾದರಕ್ಷೆಯನ್ನು ಬಿಡಬೇಕೆಂಬ ಭಾಗವನ್ನು ಮಾತ್ರ, ಆಚಾರ್ಯನಲ್ಲಿ ಭಕ್ತಿಯಿದ್ದವರೂ ಕೈಬಿಡಬೇಕಾಗಿದೆ. ನರಗಳು ಕೆಟ್ಟ ಕಾಲಿಗೆ ಮುಳ್ಳು ತಿಳಿಯದು, ಬಿಸಿ ತಿಳಿಯದು. ಚೈತ್ರಮಾಸದ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಮಾಡಿದವರ ಅಂಗಾಲು ಬೊಬ್ಬೆಯೆದ್ದುದು ರಾತ್ರಿ ಹಾಸಿಗೆಯ ಮೇಲೆ ನೀರು ಕಂಡಾಗಲೇ ಗೊತ್ತಾಗುವುದುಂಟು. ನೋವಿಲ್ಲದ ಆ ಹುಣ್ಣನ್ನು ಅರಿಸಿನ ಹಚ್ಚಿ ಮರೆತವರಲ್ಲಿ ಕೆಲವರಿಗೆ ಕಡೆಗೆ ಕಾಲನ್ನೇ ಕಳೆದುಕೊಳ್ಳುವ ಗತಿ ಬಂದಿದೆ. ಬೆಳಗಿನ ತಂಪಿನಲ್ಲಿ ದರ್ಶನ ಮಾಡಿದರೆ ದೇವರು ಮುನಿಯುವುದಿಲ್ಲ. ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದನ್ನೂ ಅನೇಕ ಕಡೆ ಆಕ್ಷೇಪಿಸುವುದಿಲ್ಲ.

ರಾತ್ರಿ ಮಲಗುವ ಮೊದಲು ಅಂಗಾಲನ್ನು, ಬೆರಳುಗಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನೋಡಬೇಕೆಂಬುದು ವೈದ್ಯರ ವಿಧಿ. ಆದರೆ ಮಂಡಿ ಬಗ್ಗದ, ದೃಷ್ಟಿ ಮಂದವಾದ ವಯಸ್ಸಿನಲ್ಲಿ ತನ್ನ ಅಂಗಾಲು ತನಗೆ ಕಾಣುವುದಿಲ್ಲ. ಕನ್ನಡಿಯನ್ನಾದರೂ ಇಡಬೇಕು, ಇನ್ನೊಬ್ಬರಾದರೂ ನೋಡಬೇಕು. ಹಿರಿಯರ ಪಾದಮುಟ್ಟಿ ನಮಸ್ಕರಿಸುವ ಮನೆಗಳಲ್ಲಿ ಮುಟ್ಟುವವರ ಕಣ್ಣಿಗೆ ಬೀಳುವುದು ಪಾದದ ಮೇಲ್ಭಾಗ ಮಾತ್ರ. ಯಜಮಾನರ ಕಾಲನ್ನು ಮಗನೋ ಸೊಸೆಯೋ ತಿರುಗಿಸಿ ನೋಡುವುದು ಕೆಲವು ಮನೆಗಳಲ್ಲಿ ಈಗ ಬಳಕೆಗೆ ಬಂದಿದೆ. ಹನ್ನೊಂದು ಗಂಟೆಗೆ ಉಂಡು, ರಾತ್ರಿ ಎಲ್ಲರಿಗಿಂತ ಕಡೆಗೆ ದೀಪವಾರಿಸಿ ಮಲಗುವ ಗೃಹಿಣಿಯ ಅಂಗಾಲನ್ನು ನೋಡತಕ್ಕವರು ಯಾರೆಂಬುದನ್ನು ಆಯಾ ಮನೆಯವರು ಇಂದೇ ಕುಳಿತು ಗೊತ್ತುಮಾಡಿಕೊಳ್ಳಬೇಕು.